ತಿಳಿದಿದೆ ಎಂದುಕೊಂಡದ್ದು: ಕನ್ನಡ ಸಾಹಿತ್ಯ ಚರಿತ್ರೆಯ ಐದು ರೂಢ ತಪ್ಪುಗಳು

ಸಂಶೋಧನೆಯಲ್ಲಿ ಆಗುವ ತಪ್ಪುಗಳು ಎರಡು ಬಗೆ. ಗೊತ್ತಿಲ್ಲದಿರುವುದರಿಂದ ಆಗುವ ತಪ್ಪು ಒಂದು; ಗೊತ್ತಿದೆ ಎಂಬ ನಂಬಿಕೆಯಿಂದ ಆಗುವ ತಪ್ಪು ಇನ್ನೊಂದು. ಮೊದಲನೆಯದು ಬೇಗನೆ ಕೈಗೆ ಸಿಗುತ್ತದೆ. ಗೊತ್ತಿಲ್ಲದವನು ಕೇಳುತ್ತಾನೆ, ಹುಡುಕುತ್ತಾನೆ, ತಿದ್ದಿಕೊಳ್ಳುತ್ತಾನೆ. ಎರಡನೆಯದು ಹಾಗಲ್ಲ. ಶಾಲೆಯ ಪಾಠದಲ್ಲಿ ಒಮ್ಮೆ ಬಾಯಿಪಾಠವಾದ ಮಾತು ಪದವಿ ತರಗತಿಗಳನ್ನು ದಾಟಿ, ಪಿಎಚ್.ಡಿ. ಪ್ರಬಂಧದೊಳಗೂ ಸದ್ದಿಲ್ಲದೆ ಬಂದು ಕೂರುತ್ತದೆ. ಎಲ್ಲರಿಗೂ ತಿಳಿದಿರುವ ಸಂಗತಿಗೆ ಯಾರೂ ಅಡಿಟಿಪ್ಪಣಿ ಬರೆಯುವುದಿಲ್ಲ. ಅಡಿಟಿಪ್ಪಣಿಯಿಲ್ಲದ ಸಂಗತಿಯನ್ನು ಯಾರೂ ಪರಿಶೀಲಿಸುವುದಿಲ್ಲ. ಕೊನೆಗೆ ಅದು ಹೊರಬೀಳುವುದು ವಿಚಾರಗೋಷ್ಠಿಯಲ್ಲಿಯೋ ಮೌಖಿಕ ಪರೀಕ್ಷೆಯಲ್ಲಿಯೋ, ಅಂದರೆ ಹೊರಬೀಳಬಾರದ ಸ್ಥಳದಲ್ಲಿ ಮತ್ತು ಹೊರಬೀಳಬಾರದ ವಯಸ್ಸಿನಲ್ಲಿ.

ಹೊರನಾಡಿನಲ್ಲಿ ಕೆಲಸಮಾಡುವ ಸಂಶೋಧಕರಿಗೆ ಈ ಅಪಾಯ ಸ್ವಲ್ಪ ಹೆಚ್ಚು. ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ತಮಿಳು, ತೆಲುಗು, ಮರಾಠಿ, ಹಿಂದಿ ವಿದ್ವಾಂಸರ ನಡುವೆ ಕುಳಿತ ಕನ್ನಡ ಸಂಶೋಧಕನ ಮಾತನ್ನು ಅಲ್ಲಿಯೇ ತಿದ್ದಬಲ್ಲವರು ಕಡಮೆ. ಅವನು ಆಡಿದ್ದೇ ಕನ್ನಡದ ಸಾಕ್ಷ್ಯವಾಗಿ ಅನ್ಯಭಾಷೆಯ ಗ್ರಂಥಗಳಿಗೆ ಸೇರುತ್ತದೆ. ಮುಂದೆ ಅಲ್ಲಿಂದ ಉಲ್ಲೇಖವಾಗಿ ಕನ್ನಡಕ್ಕೇ ಮರಳಿ ಬರುತ್ತದೆ. ಆದಕಾರಣ, ಪದೇ ಪದೇ ಕಾಣಿಸಿಕೊಳ್ಳುವ ಐದು ತಪ್ಪುಗಳನ್ನು ಇಲ್ಲಿ ಎತ್ತಿಕೊಳ್ಳಲಾಗಿದೆ. ಪ್ರತಿಯೊಂದರ ಸರಿಯುತ್ತರವನ್ನು ಹೇಳುವುದಷ್ಟೇ ಉದ್ದೇಶವಲ್ಲ. ಅದು ಹುಟ್ಟಿದ ಬಗೆಯನ್ನು ತೋರಿಸುವುದು ಮುಖ್ಯ. ಬಗೆ ತಿಳಿದರೆ, ಇಲ್ಲಿ ಹೇಳದಿರುವ ಆರನೆಯ ತಪ್ಪನ್ನು ಓದುಗರು ತಾವೇ ಹಿಡಿಯಬಲ್ಲರು.

1. ಆಶ್ರಯದಾತನೇ ಕರ್ತೃವಾದದ್ದು

'ಕವಿರಾಜಮಾರ್ಗ'ವನ್ನು ಬರೆದವನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ ಎಂಬುದು ಇಂದಿಗೂ ಬಹುಜನರ ಬಾಯಲ್ಲಿರುವ ಮಾತು. ಕ್ರಿ.ಶ. 814ರಿಂದ 878ರವರೆಗೆ ಆಳಿದ ಈ ದೊರೆಯ ಆಸ್ಥಾನದಲ್ಲಿ, 850ರ ಸುಮಾರಿಗೆ ಈ ಅಲಂಕಾರಶಾಸ್ತ್ರ ಗ್ರಂಥ ಹುಟ್ಟಿತೆಂಬುದು ದಿಟ. ಆದರೆ ಗ್ರಂಥದ ಪರಿಚ್ಛೇದಾಂತ್ಯದ ಗದ್ಯವನ್ನು ಓದಿದವರಿಗೆ ಅದು 'ನೃಪತುಂಗದೇವಾನುಮತ'ವಾದದ್ದು, ಎಂದರೆ ನೃಪತುಂಗನ ಒಪ್ಪಿಗೆ ಪಡೆದದ್ದು, ಎಂಬುದು ಸ್ಪಷ್ಟವಾಗುತ್ತದೆ. ಅನುಮತಿ ಕೊಟ್ಟವನು ಬೇರೆ, ಬರೆದವನು ಬೇರೆ. ಗ್ರಂಥದ ಒಳಗಿನ ಆಧಾರಗಳೂ, ಶ್ರೀವಿಜಯನ 'ಕವಿಮಾರ್ಗ'ವನ್ನು ನೆನೆಯುವ ಹನ್ನೊಂದನೆಯ ಶತಮಾನದ ದುರ್ಗಸಿಂಹನ ಮಾತೂ ಶ್ರೀವಿಜಯನೇ ಕರ್ತೃವೆಂಬ ನಿಲುವಿಗೆ ಬಲ ಕೊಟ್ಟಿವೆ. ಇದೇ ಗ್ರಂಥ ಕೊಡುವ ಪೂರ್ವಕವಿಗಳ ಪಟ್ಟಿಯಲ್ಲಿಯೂ ಶ್ರೀವಿಜಯನೆಂಬ ಹೆಸರಿರುವುದರಿಂದ ಚರ್ಚೆಗೆ ಅವಕಾಶವಾಯಿತು. ಆದರೂ ವಿದ್ವತ್ಪ್ರಪಂಚ ಬಹುಮಟ್ಟಿಗೆ ಶ್ರೀವಿಜಯನ ಪಕ್ಷಕ್ಕೆ ಬಂದು ದಶಕಗಳೇ ಕಳೆದಿವೆ.

ಹಾಗಾದರೆ ಹಳೆಯ ಮಾತು ಏಕೆ ಅಳಿಯಲಿಲ್ಲ? ಈ ಗ್ರಂಥವನ್ನು 1898ರಲ್ಲಿ ಮೊದಲು ಸಂಪಾದಿಸಿ ಪ್ರಕಟಿಸಿದವರು ಕೆ.ಬಿ. ಪಾಠಕರು. ಅವರ ಆವೃತ್ತಿ ನೃಪತುಂಗನ ಹೆಸರಿನಲ್ಲಿಯೇ ಹೊರಬಂದಿತು. ಗ್ರಂಥಾಲಯಗಳ ಸೂಚೀಪತ್ರಗಳು ಶೀರ್ಷಿಕೆ ಪುಟವನ್ನು ನೋಡಿ ಸಿದ್ಧವಾಗುತ್ತವೆ. ಒಳಗಿನ ಗದ್ಯವನ್ನು ಓದಿ ಅಲ್ಲ. ಕನ್ನಡ ನಾಡಿನ ಹೊರಗಿನ ಹಳೆಯ ಗ್ರಂಥಾಲಯಗಳಲ್ಲಿ ಮೊದಲ ಆವೃತ್ತಿಗಳು ಉಳಿದಿರುವಷ್ಟು ಸಲೀಸಾಗಿ ಪರಿಷ್ಕೃತ ಆವೃತ್ತಿಗಳು ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

2. ಪಾತ್ರದ ಮಾತೇ ಕವಿಯ ಜಾತಕವಾದದ್ದು

ಪಂಪನ ಊರು ಯಾವುದೆಂದು ಕೇಳಿದರೆ ಬನವಾಸಿ ಎಂಬ ಉತ್ತರ ಥಟ್ಟನೆ ಬರುತ್ತದೆ. 941ರಲ್ಲಿ ರಚಿತವಾದ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿಯ ಬಗೆಗಿನ ಹಂಬಲದ ಪದ್ಯಗಳು ಅಷ್ಟು ಪ್ರಸಿದ್ಧವಾಗಿರುವುದೇ ಇದಕ್ಕೆ ಕಾರಣ. ಆದರೆ ಕಾವ್ಯದ ಸಂದರ್ಭದಲ್ಲಿ ಆ ಮಾತುಗಳು ತೀರ್ಥಯಾತ್ರೆಗೆ ಹೊರಟ ಅರ್ಜುನನವು. ಆ ಭಾವಕ್ಕೆ ಕವಿಯ ಸ್ವಾನುಭವದ ನೆಲೆಯಿದೆಯೆಂದು ಊಹಿಸಲು ಅಡ್ಡಿಯಿಲ್ಲ. ಅದನ್ನೇ ಜನ್ಮಸ್ಥಳದ ದಾಖಲೆಯೆಂದು ಬಗೆಯಲಾಗದು.

ದಾಖಲೆ ಇರುವುದು ಬೇರೆಡೆ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ, ಬೊಮ್ಮಲಗುಟ್ಟದ ಬಂಡೆಯ ಮೇಲೆ, ಪಂಪನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಈ ಮೂರು ಭಾಷೆಗಳಲ್ಲಿರುವ ಈ ಶಾಸನ ವೆಂಗಿನಾಡಿನ ಮೂಲವನ್ನೂ, ತಾಯಿಯ ಕಡೆಯಿಂದ ಅಣ್ಣಿಗೇರಿಯ ಸಂಬಂಧವನ್ನೂ, ಪಂಪನಿಗೆ ದತ್ತಿಯಾಗಿ ಬಂದ ಧರ್ಮಪುರದ ಅಗ್ರಹಾರವನ್ನೂ ತಿಳಿಸುತ್ತದೆ. ಪಂಪನ ಆಶ್ರಯದಾತ ಇಮ್ಮಡಿ ಅರಿಕೇಸರಿಯ ವೇಮುಲವಾಡವೂ ಇಂದು ತೆಲಂಗಾಣದಲ್ಲಿಯೇ ಇದೆ. ಅಂದರೆ, ಕನ್ನಡದ ಆದಿಕವಿಯೆಂದು ನಾವು ಕರೆಯುವವನು ಇಂದಿನ ಲೆಕ್ಕದಲ್ಲಿ ಹೊರನಾಡ ಕನ್ನಡಿಗ! ಈ ಶಾಸನದ ತೆಲುಗು ಕಂದಪದ್ಯಗಳು ನನ್ನಯನಿಗಿಂತ ಹಿಂದಿನವಾದ್ದರಿಂದ ತೆಲುಗು ವಿದ್ವಾಂಸರಿಗೂ ಅದು ಅಮೂಲ್ಯ. ಬನವಾಸಿಯ ತಪ್ಪಿನಿಂದಾಗುವ ನಷ್ಟ ಒಂದು ಊರಿನ ಹೆಸರಿನದಲ್ಲ. ಹತ್ತನೆಯ ಶತಮಾನದಲ್ಲಿ ಒಂದೇ ಮನೆಯವರು ಮೂರು ಭಾಷೆಗಳ ನಡುವೆ ಸಲೀಸಾಗಿ ಓಡಾಡುತ್ತಿದ್ದ ಚಿತ್ರವೇ ನಮ್ಮ ಕಣ್ಣಿಂದ ಮರೆಯಾಗುತ್ತದೆ.

3. ಭಾಗವೇ ಸಮಗ್ರವಾದದ್ದು

ಕುಮಾರವ್ಯಾಸನು ಮಹಾಭಾರತವನ್ನು ಸಂಪೂರ್ಣವಾಗಿ ಕನ್ನಡಿಸಿದನೆಂಬ ನಂಬಿಕೆ ಎಷ್ಟು ಸಹಜವಾಗಿದೆಯೆಂದರೆ, ಗಮಕ ಕೇಳಿ ಬೆಳೆದವರಲ್ಲಿಯೂ ಅನೇಕರಿಗೆ ಅದರ ಮೇಲೆ ಸಂಶಯ ಬಂದಿರುವುದಿಲ್ಲ. ಗದುಗಿನ ಭಾರತದಲ್ಲಿರುವುದು ಆದಿಯಿಂದ ಗದೆಯವರೆಗಿನ ಹತ್ತು ಪರ್ವಗಳು ಮಾತ್ರ. ಶಾಂತಿ, ಅನುಶಾಸನ, ಅಶ್ವಮೇಧ, ಸ್ವರ್ಗಾರೋಹಣ ಮುಂತಾದ ಪರ್ವಗಳು ಅದರಲ್ಲಿಲ್ಲ. ಉಳಿದ ಭಾಗವನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ 'ಕೃಷ್ಣರಾಯ ಭಾರತ'ವೆಂಬ ಹೆಸರಿನಿಂದ ಪೂರೈಸಿದನು. ಅಶ್ವಮೇಧದ ಕಥೆ ಕನ್ನಡಿಗರ ಮನಸ್ಸಿನಲ್ಲಿ ನೆಲೆಯೂರಿದ್ದು ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ. ಅದರ ಮೂಲ ವ್ಯಾಸಭಾರತವೂ ಅಲ್ಲ. ಇವೆಲ್ಲವೂ ಷಟ್ಪದಿಯಲ್ಲಿದ್ದು, ಯಕ್ಷಗಾನ ಮತ್ತು ಹರಿಕಥೆಗಳ ಮೂಲಕ ಒಂದಾಗಿ ಕಿವಿಗೆ ಬಿದ್ದುದರಿಂದ 'ಕನ್ನಡ ಭಾರತ'ವೆಂಬ ಒಂದೇ ಗ್ರಂಥದ ಭ್ರಮೆ ಉಂಟಾಗಿದೆ.

ತೌಲನಿಕ ಅಧ್ಯಯನದಲ್ಲಿ ಈ ತಪ್ಪು ದುಬಾರಿಯಾಗುತ್ತದೆ. ತೆಲುಗಿನಲ್ಲಿ ನನ್ನಯ, ತಿಕ್ಕನ, ಎರ್ರನರು ಸೇರಿ ಹದಿನೆಂಟು ಪರ್ವಗಳನ್ನೂ ಪೂರೈಸಿದ್ದಾರೆ. ಅದರೊಡನೆ ಹೋಲಿಸಿ, ಕುಮಾರವ್ಯಾಸನು ಭೀಷ್ಮನ ಧರ್ಮೋಪದೇಶವನ್ನು ಬೇಕೆಂದೇ ಕೈಬಿಟ್ಟನು, ಅದು ಅವನ ಭಕ್ತಿದೃಷ್ಟಿಯ ಫಲ, ಎಂದು ಬರೆದವನು ಕವಿ ಬರೆಯದೇ ಬಿಟ್ಟ ಪರ್ವದ ಮೇಲೆ ಸಿದ್ಧಾಂತ ಕಟ್ಟಿದಂತಾಗುತ್ತದೆ. ಇದಕ್ಕೆ ಬದಲಾಗಿ, ತಮಿಳಿನ ವಿಲ್ಲಿಪುತ್ತೂರರ ಭಾರತವೂ ಹತ್ತು ಪರ್ವಗಳಲ್ಲಿಯೇ ಮುಗಿಯುತ್ತದೆಯೆಂಬುದನ್ನು ಗಮನಿಸಿದರೆ ನಿಜವಾದ ಪ್ರಶ್ನೆಯೊಂದು ಎದುರಾಗುತ್ತದೆ: ದೇಶಭಾಷೆಯ ಕವಿಗಳಿಗೆ ಯುದ್ಧಾನಂತರದ ಭಾರತ ಏಕೆ ಕಾವ್ಯವಸ್ತುವಾಗಿ ಒಗ್ಗಲಿಲ್ಲ? ಚೆನ್ನೈಯಲ್ಲಿ ಕುಳಿತ ಕನ್ನಡ ಸಂಶೋಧಕನಿಗೆ ಈ ಪ್ರಶ್ನೆ ಕೈಯಳತೆಯಲ್ಲಿದೆ. ತಪ್ಪು ತಿಳಿವಳಿಕೆ ಮಾತ್ರ ಅಡ್ಡ ನಿಂತಿದೆ.

4. ಸಂಕಲನಕಾರನೇ ವರದಿಗಾರನಾದದ್ದು

ಅಲ್ಲಮಪ್ರಭು ಮತ್ತು ಅಕ್ಕಮಹಾದೇವಿಯರ ನಡುವೆ ಕಲ್ಯಾಣದಲ್ಲಿ ನಡೆದ ಸಂವಾದವನ್ನು ಹನ್ನೆರಡನೆಯ ಶತಮಾನದ ಪ್ರತ್ಯಕ್ಷ ವರದಿಯೆಂಬಂತೆ ಉದ್ಧರಿಸುವುದು ವಾಡಿಕೆ. ಆ ಸಂವಾದ ನಮಗೆ ದೊರೆಯುವುದು 'ಶೂನ್ಯಸಂಪಾದನೆ'ಯಲ್ಲಿ. ಅದನ್ನು ಮೊದಲು ರಚಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಕಾಲ ಹದಿನೈದನೆಯ ಶತಮಾನ. ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಬೇರೆ ಬೇರೆ ರೀತಿಯಲ್ಲಿ ಪರಿಷ್ಕರಿಸಿದರು. ಹೀಗೆ ನಮ್ಮ ಮುಂದಿರುವುದು ಒಂದು ಶೂನ್ಯಸಂಪಾದನೆಯಲ್ಲ, ನಾಲ್ಕು. ವಚನಗಳು ಶರಣರವು, ಅವುಗಳನ್ನು ಪ್ರಶ್ನೋತ್ತರವಾಗಿ ಎದುರುಬದುರು ನಿಲ್ಲಿಸಿದ ನಾಟಕೀಯ ಜೋಡಣೆ ಸಂಪಾದನಕಾರರದು. ಶರಣರ ಕಾಲಕ್ಕೆ ಹೆಚ್ಚು ಸಮೀಪದವನಾದ ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಕಲ್ಯಾಣದ ಈ ಸಂವಾದವಿಲ್ಲ. ಕೌಶಿಕನೊಡನೆ ವಿವಾಹವಾಯಿತೇ ಇಲ್ಲವೇ ಎಂಬ ವಿಷಯದಲ್ಲಿಯೂ ಆಕರಗಳು ಒಂದೇ ಮಾತನ್ನು ಆಡುವುದಿಲ್ಲ.

ಇದರಿಂದ ಸಂವಾದ ನಡೆಯಲೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ಶೂನ್ಯಸಂಪಾದನೆಯ ಮೌಲ್ಯವೂ ಕುಗ್ಗುವುದಿಲ್ಲ. ಹದಿನೈದನೆಯ ಶತಮಾನದ ವೀರಶೈವ ಚಿಂತಕರು ಹನ್ನೆರಡನೆಯ ಶತಮಾನವನ್ನು ಹೇಗೆ ಕಂಡರು ಎಂಬುದಕ್ಕೆ ಅದಕ್ಕಿಂತ ಉತ್ತಮ ಆಕರ ಬೇರೊಂದಿಲ್ಲ. ಆದರೆ ಎರಡು ಕಾಲಗಳ ನಡುವಿನ ಎರಡೂವರೆ ಶತಮಾನಗಳ ಅಂತರವನ್ನು ಅಳಿಸಿ ಓದಿದಾಗ ಎರಡೂ ಕಾಲಗಳಿಗೆ ಅನ್ಯಾಯವಾಗುತ್ತದೆ. ಅನುವಾದಗಳ ಮೂಲಕವೇ ವಚನಗಳನ್ನು ಪ್ರವೇಶಿಸುವ ಅನ್ಯಭಾಷಾ ಸಂಶೋಧಕರಿಗೆ ಈ ಅಂತರವನ್ನು ತೋರಿಸಿಕೊಡುವ ಹೊಣೆ ಕನ್ನಡ ಬಲ್ಲವರ ಮೇಲಿದೆ.

5. ಮೊದಲು ಸಿಕ್ಕಿದ್ದೇ ಮೊದಲನೆಯದಾದದ್ದು

ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಮೇಲೆ ಕ್ರಿ.ಶ. 450 ಎಂಬ ಕಾಲ ಕೆತ್ತಿದೆಯೆಂದು ಭಾವಿಸಿರುವವರು ಕಡಮೆಯಿಲ್ಲ. ಡಾ. ಎಂ.ಎಚ್. ಕೃಷ್ಣ ಅವರು 1930ರ ದಶಕದಲ್ಲಿ ಬೆಳಕಿಗೆ ತಂದ ಈ ಶಾಸನದಲ್ಲಿ ತೇದಿಯೇ ಇಲ್ಲ. ಲಿಪಿ, ಭಾಷೆ, ಉಲ್ಲೇಖಿತ ಅರಸರ ಹೆಸರುಗಳನ್ನು ತೂಗಿ ವಿದ್ವಾಂಸರು ಕಟ್ಟಿದ ಅಂದಾಜು ಅದು. ಇನ್ನು ಅದು 'ಕನ್ನಡದ ಮೊದಲ ಶಾಸನ'ವೆಂಬ ಮಾತು. ದೊರೆತಿರುವವುಗಳಲ್ಲಿ ಮೊದಲನೆಯದು ಎಂಬ ವಾಕ್ಯದಿಂದ 'ದೊರೆತಿರುವವುಗಳಲ್ಲಿ' ಎಂಬ ಪದ ಬಳಕೆಯಲ್ಲಿ ಸವೆದುಹೋಗಿ ಉಳಿದ ಮಾತಿದು. 2013ರಲ್ಲಿ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ದೊರೆಯಿತು. ಸಂಸ್ಕೃತ ಮತ್ತು ಕನ್ನಡಗಳೆರಡೂ ಇರುವ ಅದನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿತು. ನಾಳೆ ಇನ್ನೊಂದು ದೊರೆಯಬಹುದು. 'ಕವಿರಾಜಮಾರ್ಗ'ದ ವಿಷಯದಲ್ಲಿಯೂ ಇದೇ ಮಾತು: ಅದು ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದು. ತನಗಿಂತ ಹಿಂದಿನ ಗದ್ಯಪದ್ಯ ಕರ್ತೃಗಳನ್ನು ಅದೇ ಹೆಸರಿಸಿರುವಾಗ, ಕನ್ನಡ ಸಾಹಿತ್ಯ ಅದರಿಂದ ಪ್ರಾರಂಭವಾಯಿತೆನ್ನುವುದು ಆ ಗ್ರಂಥವನ್ನು ಓದದವರ ಮಾತು.

ತಪ್ಪುಗಳ ಸ್ವರೂಪ

ಈ ಐದನ್ನೂ ಒಟ್ಟಿಗೆ ಇರಿಸಿ ನೋಡಿದರೆ ಒಂದು ಸಂಗತಿ ಮನದಟ್ಟಾಗುತ್ತದೆ. ಇವುಗಳಲ್ಲಿ ಯಾವುದೂ ಶುದ್ಧ ಸುಳ್ಳಲ್ಲ. ನೃಪತುಂಗನಿಗೂ ಕವಿರಾಜಮಾರ್ಗಕ್ಕೂ, ಪಂಪನಿಗೂ ಬನವಾಸಿಗೂ, ಕುಮಾರವ್ಯಾಸನಿಗೂ ಮಹಾಭಾರತಕ್ಕೂ ನಿಜವಾದ ಸಂಬಂಧವಿದೆ. ಸಂಬಂಧ ನಿಜವಾಗಿರುವುದರಿಂದಲೇ ಅದರ ಸ್ವರೂಪವನ್ನು ಕೇಳಬೇಕೆಂದು ತೋರುವುದಿಲ್ಲ. ಪೂರ್ಣ ಸುಳ್ಳಿಗೆ ಆಯುಸ್ಸು ಕಡಮೆ; ಮುಕ್ಕಾಲು ನಿಜ ಮಾತ್ರ ನೂರು ವರ್ಷ ಬಾಳುತ್ತದೆ.

ಪರಿಹಾರವೇನೂ ದೊಡ್ಡದಲ್ಲ. ಗ್ರಂಥದ ಶೀರ್ಷಿಕೆ ಪುಟಕ್ಕಿಂತ ಮೊದಲು ಅದರ ಅಂತ್ಯಗದ್ಯವನ್ನು ಓದುವುದು. ಉದ್ಧರಿಸುವ ಪದ್ಯ ಯಾರ ಬಾಯಿಂದ ಬಂದದ್ದೆಂದು ನೋಡುವುದು. ಕೃತಿಯ ಮೊದಲನ್ನೂ ಕೊನೆಯನ್ನೂ ಸ್ವತಃ ಕಾಣುವುದು. ಘಟನೆಯ ಕಾಲ ಮತ್ತು ಆಕರದ ಕಾಲ ಎರಡನ್ನೂ ಜೊತೆಯಾಗಿ ನಮೂದಿಸುವುದು. 'ಮೊದಲ' ಎಂಬ ವಿಶೇಷಣದ ಹಿಂದೆ 'ಉಪಲಬ್ಧ' ಎಂಬ ಮಾತನ್ನು ಮರೆಯದೆ ಸೇರಿಸುವುದು. ಪ್ರಬಂಧವೊಂದರಲ್ಲಿ ಅಡಿಟಿಪ್ಪಣಿಯಿಲ್ಲದ ವಾಕ್ಯಗಳನ್ನು ಬೇರೆಯಾಗಿ ಪಟ್ಟಿಮಾಡಿ ಒಂದು ಮಧ್ಯಾಹ್ನ ಅವುಗಳಿಗಾಗಿ ಮೀಸಲಿಟ್ಟರೆ ಸಾಕು, ಇಂಥವು ಎರಡಾದರೂ ಸಿಕ್ಕಾವು.

ಮಾರ್ಗದರ್ಶಕರಿಗೂ ಒಂದು ಮಾತು ಸಲ್ಲುತ್ತದೆ. ರೂಢ ತಪ್ಪುಗಳು ಉಳಿಯುವುದಕ್ಕೆ ಅಜ್ಞಾನಕ್ಕಿಂತ ಸಂಕೋಚ ದೊಡ್ಡ ಕಾರಣ. 'ಇಷ್ಟೂ ಗೊತ್ತಿಲ್ಲವೇ' ಎಂಬ ಒಂದು ಉದ್ಗಾರ ಸಾಕು, ವಿದ್ಯಾರ್ಥಿ ಮುಂದಿನ ಹತ್ತು ಪ್ರಶ್ನೆಗಳನ್ನು ನುಂಗಿಕೊಳ್ಳುತ್ತಾನೆ. ಆ ಹತ್ತರಲ್ಲಿ ಒಂದಾದರೂ ಮುಂದೆ ಅಚ್ಚಾಗಿ ಹೊರಬರುತ್ತದೆ. ಹೊರನಾಡಿನ ಸಣ್ಣ ಕನ್ನಡ ವಿಭಾಗಗಳಲ್ಲಿ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇರುತ್ತಾರೆ. ಪ್ರತಿಯೊಬ್ಬರ ಪ್ರಶ್ನೆಗೂ ಬಿಡುವಿಟ್ಟುಕೊಂಡು ಉತ್ತರಿಸುವ ಅವಕಾಶ ದೊಡ್ಡ ವಿಶ್ವವಿದ್ಯಾನಿಲಯಗಳಿಗಿಂತ ಅಲ್ಲಿಯೇ ಹೆಚ್ಚು. ಆ ಅವಕಾಶವನ್ನು ಬಳಸಿಕೊಂಡರೆ ತಡವಾಗಿ ತಿಳಿಯಬೇಕಾದದ್ದು ಸಕಾಲದಲ್ಲಿಯೇ ತಿಳಿದೀತು.