ಶ್ರೀರಂಗಪಟ್ಟಣದ ಜೋಡಿಹಳಿಯೂ ಮದ್ದಿನ ಮನೆಯೂ

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ನು ಕೋಟೆಯ ಒಳಗಿರುವುದೆಂಬುದು ಅಲ್ಲಿ ಇಳಿದು ರಂಗನಾಥಸ್ವಾಮಿಯ ದರ್ಶನಕ್ಕೆ ಹೋಗುವವರೆಲ್ಲರಿಗೂ ತಿಳಿದ ಸಂಗತಿ. 1882ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಮೀಟರ್ ಗೇಜಿನ ಹಳಿಯನ್ನು ತಂದವರು ಕಾವೇರಿಯ ಎರಡು ಕವಲುಗಳಿಗೂ ಸೇತುವೆ ಕಟ್ಟಿ, ಕೋಟೆಯನ್ನು ಸೀಳಿಕೊಂಡು ಮುಂದೆ ನಡೆದರು. ಟಿಪ್ಪೂ ಸುಲ್ತಾನನು ಮಡಿದು ಆಗಿನ್ನೂ ನೂರು ವರ್ಷ ತುಂಬಿರಲಿಲ್ಲ.

ಒಂಟಿ ಹಳಿಯ ಕಷ್ಟವನ್ನು ಹೇಳದೆ ಮುಂದಿನ ಮಾತು ತಿಳಿಯದು. ಎದುರುಬದುರಾಗಿ ಬರುವ ಬಂಡಿಗಳು ಸ್ಟೇಷನ್ನಿನಲ್ಲಿಯೇ ಒಂದನ್ನೊಂದು ದಾಟಬೇಕು. ಟೋಕನ್ ಪದ್ಧತಿ ಇದ್ದೆಡೆ ಎರಡು ಸ್ಟೇಷನ್ನುಗಳ ಯಂತ್ರಗಳಿಗೆ ವಿದ್ಯುತ್ತಿನಿಂದ ಬೀಗ ಬಿದ್ದಿರುವುದು; ಒಂದು ಟೋಕನ್ ಹೊರಬಿದ್ದರೆ ಅದು ಮರಳಿ ಯಂತ್ರವನ್ನು ಸೇರುವ ತನಕ ಎರಡನೆಯದು ಹೊರಬಾರದು; ಟೋಕನ್ ಕೈಗೆ ಬಾರದೆ ಡ್ರೈವರು ಬಂಡಿಯನ್ನು ಹೊರಡಿಸಲಾಗದು. ಪ್ರಾಣರಕ್ಷಣೆಗೆ ಉತ್ತಮವಾದ ಏರ್ಪಾಡೇ. ಆದರೆ ಪಾಂಡವಪುರದಲ್ಲಿ (ಹಿಂದಿನ ಫ್ರೆಂಚ್ ರಾಕ್ಸ್ ಸ್ಟೇಷನ್ನು ಇದೇ) ಕ್ರಾಸಿಂಗಿಗಾಗಿ ನಿಂತ ಬಂಡಿಯಲ್ಲಿ ಕುಳಿತವರಿಗೆ ಆ ಉಪಕಾರವು ನೆನಪಿಗೆ ಬರುವುದು ಅಪರೂಪ.

1990ರ ದಶಕದಲ್ಲಿ ಹಳಿಯು ಬ್ರಾಡ್ ಗೇಜಾಯಿತು. ಅನಂತರ ಜೋಡಿಹಳಿಯ ಕೆಲಸ ನಡೆದಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡವಾಯಿತು. ಮಿಕ್ಕೆಲ್ಲ ಜೋಡಿಯಾಗಿ ನಡುವೆ ಒಂದು ತುಂಡು ಒಂಟಿಯಾಗಿ ಉಳಿದರೆ ಅದರ ಎರಡು ತುದಿಗಳಲ್ಲಿಯೂ ಬಂಡಿಗಳು ಸಿಗ್ನಲ್ಲಿಗೆ ಕಾಯಬೇಕು; ಇಡೀ ಮಾರ್ಗದ ವೇಗವು ಆ ತುಂಡಿನ ಅಳತೆಗೇ ಇಳಿಯುವುದು. ಕೆಡಹಿಬಿಡಿರೆಂದು ಹೇಳುವ ಜಾಣರು ನಮ್ಮಲ್ಲಿ ಕಡಮೆಯಿಲ್ಲ. 2017ರಲ್ಲಿ ಹಾಗಾಗಲಿಲ್ಲ. ನಮ್ಮ ದೇಶದ ಒಂದು ಕಂಪೆನಿಯೂ ಅಮೆರಿಕದ ಒಂದು ಕಂಪೆನಿಯೂ ಸೇರಿ, ಸುಮಾರು 1000 ಟನ್ನು ತೂಕದ ಆ ಕಟ್ಟಡದ ತಳಕ್ಕೆ ಉಕ್ಕಿನ ತೊಲೆಗಳನ್ನು ಕೊಟ್ಟು, ಜ್ಯಾಕುಗಳಿಂದ ಎತ್ತಿ, ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದುವು. ಬಾಗಿಲ ಚೌಕಟ್ಟು ಬದಲಿಸಿದರೆ ಗೋಡೆ ಬಿರಿಯುವ ನಮ್ಮ ಮನೆಗಳನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಆದರೂ ನಾವು ಪೂರ್ಣ ತೃಪ್ತರಲ್ಲ. ಮದ್ದಿನ ಮನೆಯನ್ನು ಕಂಡಲ್ಲಿ ಕಟ್ಟುವುದಿಲ್ಲ. ವಸತಿಯಿಂದ ಎಷ್ಟು ದೂರ, ಕೋಟೆಯ ಗೋಡೆಗೆ ಎಷ್ಟು ಸಮೀಪ, ಶತ್ರುವಿನ ಗುಂಡು ತಾಗೀತೆ ಎಂದು ನೋಡಿಯೇ ಕಟ್ಟುವುದು. ಕಟ್ಟಡವು ಉಳಿದರೂ ಸ್ಥಳದೊಡನೆ ಈ ಲೆಕ್ಕವು ಅಳಿಯುವುದು. ಆದಕಾರಣ ಹಿಂದಿನ ನೆಲೆಯಲ್ಲಿ ಗುರುತುಕಲ್ಲೂ, ಕಟ್ಟಡದ ಬಳಿ ಸರಿಸಿದ ದೂರ ದಿಕ್ಕುಗಳ ವಿವರವೂ ಕನ್ನಡದಲ್ಲಿ ಇರತಕ್ಕದ್ದು.

ನಾಗಮಂಗಲದ ಸೀಮೆಗೆ ಅದೇ 2017ರಲ್ಲಿ ಬೆಂಗಳೂರು-ಹಾಸನದ ಹೊಸ ಮಾರ್ಗದಿಂದ ರೈಲು ಬಂದಿತು. ಕೃಷ್ಣರಾಜಪೇಟೆ ತಾಲ್ಲೂಕಿಗೆ ಅಕ್ಕಿಹೆಬ್ಬಾಳು, ಮಂದಗೆರೆಗಳ ಮೇಲೆ ಹಾಯುವ ಮೈಸೂರು-ಹಾಸನದ ಹಳೆಯ ಹಳಿಯುಂಟು. ಅದನ್ನು ಜೋಡಿ ಮಾಡುವ ದಿನ ಬಂದಾಗ ಹೇಮಾವತಿಯ ದಂಡೆಯ ಗುಡಿಗಳ, ಶಾಸನಗಳ ಪಟ್ಟಿಯು ಸರ್ವೆಯವರ ಕೈಯಲ್ಲಿ ಮೊದಲೇ ಇರಬೇಕು. ಗೂಟ ನೆಟ್ಟ ಮೇಲೆ ಅಲ್ಲ.