ಹತ್ತಡಿ ಹಾಲ್‌ನಲ್ಲಿ ಹಾರ್ನ್ ಸ್ಪೀಕರ್

ಹಾರ್ನ್ ಸ್ಪೀಕರ್ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಜಾತ್ರೆಯಲ್ಲಿ ಬೇವಿನ ಮರಕ್ಕೆ ಕಟ್ಟುತ್ತಿದ್ದ ಬೂದು ಬಣ್ಣದ ಮೈಕ್. ಊರಿಗೆಲ್ಲ ಕೇಳಿಸುತ್ತದೆ, ಯಾರ ಕಿವಿಗೂ ಇಂಪಲ್ಲ. ಡೊಂಬಿವಲಿಯ ಬಾಡಿಗೆ ಫ್ಲ್ಯಾಟಿನಲ್ಲಿ ಹಾರ್ನ್ ಇಡುತ್ತೇನೆ ಎಂದಾಗ ಆಫೀಸಿನ ಗೆಳೆಯರು ನಕ್ಕಿದ್ದು ಅದಕ್ಕೇ. ಆದರೆ ಜಾತ್ರೆಯ ಮೈಕ್ ಕರ್ಕಶವಾಗಿರುವುದು ಅದು ಹಾರ್ನ್ ಎಂಬ ಕಾರಣಕ್ಕಲ್ಲ. ಚಿಕ್ಕ ಬಾಯಿಯ, ಒಳಗೊಳಗೇ ಮಡಚಿದ ಕೊಳವೆ ಅದು. ಮಾತನ್ನು ದೂರ ಎಸೆಯುವುದಷ್ಟೇ ಅದರ ಕೆಲಸ. ಕೆಳಗಿನ ಸ್ವರಗಳು ಅದರಲ್ಲಿ ಹೊರಡುವುದೇ ಇಲ್ಲ, ಸಾಲದ್ದಕ್ಕೆ ಆಂಪ್ಲಿಫೈಯರನ್ನು ಕಿರುಚುವಷ್ಟು ಏರಿಸಿರುತ್ತಾರೆ. ಟಾಕೀಸಿನ ಪರದೆಯ ಹಿಂದೆ ಇದ್ದದ್ದೂ ಹಾರ್ನೇ. 1930ರ ದಶಕದ ವಾಲ್ವ್ ಆಂಪ್ಲಿಫೈಯರ್‌ಗಳ ಕೆಲವೇ ವಾಟ್‌ಗಳಲ್ಲಿ ದೊಡ್ಡ ಚಿತ್ರಮಂದಿರವನ್ನು ತುಂಬಿಸಲು ಬೇರೆ ದಾರಿ ಇರಲಿಲ್ಲ.

ನನಗೆ ಬೇಕಿದ್ದದ್ದು ಜೋರು ಸದ್ದಲ್ಲ. ಧಾರವಾಡದ ಮನೆ ಬಿಟ್ಟು ನಮ್ಮ ಜೊತೆ ಇರಲು ಬಂದ ಅಪ್ಪನಿಗೆ ಈಗ 78. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವೆಂದರೆ ಊಟ ಬಿಟ್ಟು ಕೂಡುತ್ತಿದ್ದವರು, ಇಲ್ಲಿಗೆ ಬಂದ ಮೇಲೆ ಕೇಳುವುದನ್ನೇ ನಿಲ್ಲಿಸಿದರು. ಯಾಕಪ್ಪಾ ಅಂದರೆ, ‘ದನಿ ಕೇಳಸ್ತದ, ಮಾತು ತಿಳೀವಲ್ದು’ ಎಂದರು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ಕಂಪನಗಳನ್ನು. ಸ, ಶ, ತ, ಕ ಇವುಗಳ ಗುರುತು ಇರುವುದೇ ಅಲ್ಲಿ. ವಾಲ್ಯೂಮ್ ಏರಿಸಿದರೆ ಟೈಲ್ಸ್‌ಗೆ, ಕಿಟಕಿ ಗಾಜಿಗೆ ಬಡಿದು ಮರಳುವ ಸದ್ದೂ ಅಷ್ಟೇ ಏರುತ್ತದೆ. ಪಕ್ಕದ ಮನೆಯವರೂ ಎದ್ದು ಬರುತ್ತಾರೆ. ವೈದ್ಯರು ಬರೆದುಕೊಟ್ಟ ಶ್ರವಣ ಯಂತ್ರ ಬಂತು. ಅದು ಬೇಕೇ ಬೇಕು, ಯಾವ ಸ್ಪೀಕರೂ ಅದಕ್ಕೆ ಬದಲಿಯಲ್ಲ. ಆದರೆ ಹಾರ್ನ್ ಮಾಡುವ ಉಪಕಾರ ಬೇರೆ ಥರದ್ದು: ಸದ್ದನ್ನು ಒಂದು ಕೋನದೊಳಗೆ ಹಿಡಿದು ಕುಳಿತವರ ಕಡೆಗೇ ಕಳಿಸುತ್ತದೆ. ಗೋಡೆಯ ಪಾಲು ಕಡಿಮೆಯಾಗಿ ನೇರ ದನಿಯ ಪಾಲು ಹೆಚ್ಚುತ್ತದೆ.

ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹಾರ್ನಿನ ಚಂದ. ನನ್ನ ಸಲಹೆ ಕೇಳಿದರೆ, ಅದನ್ನು ನೋಡಬೇಡಿ. ಟೇಪು ಹಿಡಿದು ಮೊದಲು ಮನೆ ಅಳೆಯಿರಿ. ಬಾಸ್ ಪೆಟ್ಟಿಗೆ ಎಷ್ಟು ದೊಡ್ಡದಿರಬಹುದು ಎನ್ನುವುದು ಗೊತ್ತಾದರೆ ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಬಾಸ್‌ಗೂ ಹಾರ್ನೇ ಇರಲಿ ಎನ್ನುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 8.5 ಮೀಟರ್. ಬಯಲಿನಲ್ಲಿ ಅದನ್ನು ಸರಿಯಾಗಿ ನುಡಿಸುವ ಹಾರ್ನಿನ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟಿರಬೇಕು, ಅಂದರೆ ಒಂಬತ್ತಡಿ ಅಗಲದ ಬಾಯಿ! ಅಮೆರಿಕದ ಪಾಲ್ ಕ್ಲಿಪ್ಶ್ ಇದಕ್ಕೆ ಜಾಣ ಉಪಾಯ ಹುಡುಕಿದ. ಹಾರ್ನನ್ನು ಪೆಟ್ಟಿಗೆಯೊಳಗೆ ಮಡಚಿ, ಕೋಣೆಯ ಮೂಲೆಗೆ ಒತ್ತಿಟ್ಟು, ಎರಡು ಗೋಡೆ ಮತ್ತು ನೆಲವನ್ನೇ ಹಾರ್ನಿನ ಮುಂದುವರಿಕೆಯಾಗಿ ಬಳಸಿದ. ಮೂಲೆಯಲ್ಲಿ ಬಾಯಿಯ ವಿಸ್ತೀರ್ಣ ಎಂಟನೇ ಒಂದು ಭಾಗ ಇದ್ದರೂ ಸಾಕು. 1940ರ ದಶಕದಲ್ಲಿ ಹುಟ್ಟಿದ ಆ ಕ್ಲಿಪ್ಶ್‌ಹಾರ್ನ್ ಇಂದಿಗೂ ಹೆಸರುವಾಸಿ. ಆದರೆ ಅದಕ್ಕೆ ಖಾಲಿ ಮೂಲೆಗಳು ಎರಡು ಬೇಕು. ಮುಂಬೈ ಕಡೆಯ ಹಾಲ್‌ನಲ್ಲಿ ಒಂದು ಮೂಲೆಗೆ ಬಾಗಿಲು, ಇನ್ನೊಂದಕ್ಕೆ ದೇವರ ಗೂಡು, ಮತ್ತೊಂದಕ್ಕೆ ಫ್ರಿಜ್. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ನನ್ನಂಥವರಿಗೆ ಮುಂದಿನ ಮನೆಯ ಮೂಲೆಯ ಭರವಸೆಯೂ ಇಲ್ಲ.

ಹಾಗಾಗಿ ಕೆಳಗೆ ಕೊಳವೆ ಇಟ್ಟ ಸಾದಾ ಬಾಸ್ ರಿಫ್ಲೆಕ್ಸ್ ಪೆಟ್ಟಿಗೆ, ಮೇಲೆ ಹಾರ್ನ್. ಅಂಗಡಿಯವನು 15 ಇಂಚಿನ ವೂಫರ್ ಮುಂದಿಟ್ಟ. ನಾನು ತಂದದ್ದು 12. ಜಾಗ ಉಳಿಯಿತು ಎನ್ನುವುದು ಅರ್ಧ ಕಾರಣ ಮಾತ್ರ. ಕೋನ್ ಎಷ್ಟು ಅಗಲವೋ ಅಷ್ಟು ಬೇಗ ಅದರ ಸದ್ದು ಕಿರಿದಾಗುತ್ತ ಹೋಗುತ್ತದೆ. 15 ಇಂಚಿನದು 1000 ಹರ್ಟ್ಸ್ ಸುಮಾರಿಗೆ 90 ಡಿಗ್ರಿಗೆ ಇಳಿದರೆ, 12 ಇಂಚಿನದು 1300ರ ಹೊತ್ತಿಗೆ ಅಲ್ಲಿಗೆ ಬರುತ್ತದೆ. 90 ಡಿಗ್ರಿಯ ಹಾರ್ನನ್ನು ಅಲ್ಲೇ ಜೋಡಿಸಿದರೆ ಕೆಳಗಿನ ದನಿ, ಮೇಲಿನ ದನಿ ಎರಡೂ ಒಂದೇ ಅಗಲದಲ್ಲಿ ಹೊರಡುತ್ತವೆ. ಹಾಡುವವನ ಗಂಟಲು ಎರಡು ತುಂಡಾದಂತೆ ಕೇಳುವುದಿಲ್ಲ. ಅಷ್ಟು ಕೆಳಗಿನವರೆಗೆ ದಿಕ್ಕು ಹಿಡಿಯಲು ಹಾರ್ನಿನ ಬಾಯಿ ಒಂದಡಿ ಅಗಲ ಇದ್ದರೆ ಸಾಕು. ಆರಿಂಚಿನ ಚಂದದ ಹಾರ್ನ್ ಇದನ್ನು ಮಾಡಲಾರದು.

ಡ್ರೈವರ್ ಆಯ್ಕೆ ಇಲ್ಲಿಗೆ ಬರುವಷ್ಟರಲ್ಲಿ ತಾನಾಗಿಯೇ ಮುಗಿದಿರುತ್ತದೆ. 1 ಇಂಚಿನ ಬಾಯಿಯ ಕಂಪ್ರೆಷನ್ ಡ್ರೈವರ್‌ಗಳಲ್ಲಿ ಹೆಚ್ಚಿನವು 1200ರಿಂದ 1500 ಹರ್ಟ್ಸ್ ಮೇಲೆ ನೆಮ್ಮದಿಯಾಗಿ ದುಡಿಯುತ್ತವೆ. 2 ಇಂಚಿನದು ಇನ್ನೂ ಕೆಳಗೆ ಇಳಿಯುತ್ತದೆ, ಆದರೆ ತುತ್ತತುದಿಯಲ್ಲಿ ಸೊರಗುತ್ತದೆ. ಅದಕ್ಕೊಂದು ಟ್ವೀಟರ್ ಬೇಕು. ಮನೆಗೆ ಅಷ್ಟು ರಗಳೆ ಬೇಡ.

ವೂಫರ್ ಕೊಳ್ಳುವಾಗ ವಾಟ್ ಕೇಳಬೇಡಿ. ನೋಡಬೇಕಾದದ್ದು ಮೂರು ಅಂಕಿ: ಸೆನ್ಸಿಟಿವಿಟಿ, ಎಫ್‌ಎಸ್, ಕ್ಯೂಟಿಎಸ್. ಸಾಮಾನ್ಯ ಮನೆ ಸ್ಪೀಕರ್ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ 86-88 ಡೆಸಿಬಲ್ ಕೊಟ್ಟರೆ ಇಂಥ ವೂಫರ್ 96ರ ಹತ್ತಿರ ಕೊಡುತ್ತದೆ. ಪ್ರತಿ 3 ಡೆಸಿಬಲ್‌ಗೆ ಬೇಕಾದ ಶಕ್ತಿ ಅರ್ಧವಾಗುವುದರಿಂದ ಚಿಕ್ಕ ಆಂಪ್ಲಿಫೈಯರ್ ಸಾಕೋ ಸಾಕು. ಕ್ಯೂಟಿಎಸ್ 0.3ರಿಂದ 0.4ರ ನಡುವೆ ಇದ್ದರೆ ರಿಫ್ಲೆಕ್ಸ್ ಪೆಟ್ಟಿಗೆಗೆ ಒಗ್ಗುತ್ತದೆ. ಎಫ್‌ಎಸ್ 50 ಹರ್ಟ್ಸ್ ಆಸುಪಾಸು ಇರಲಿ. ತಬಲಾದ ಡಗ್ಗಾಕ್ಕೆ, ತಂಬೂರಿಯ ಖರ್ಜಕ್ಕೆ ಅಷ್ಟು ಸಾಕು. ಸಿನಿಮಾದ ಬಾಂಬ್ ಸ್ಫೋಟ ಬೇಕೆನ್ನುವವರು ಬೇರೆ ಅಂಗಡಿ ನೋಡಿಕೊಳ್ಳಲಿ.

ಪೆಟ್ಟಿಗೆ 70 ಲೀಟರಿನದು, 18 ಎಂಎಂ ಪ್ಲೈವುಡ್. ಎಂಡಿಎಫ್ ಅಗ್ಗ, ಆದರೆ ಇಲ್ಲಿಯ ನಾಲ್ಕು ತಿಂಗಳ ಮಳೆಗೆ ಅಂಚು ಉಬ್ಬುತ್ತದೆ. ಒಳಗೆ ಅಡ್ಡಪಟ್ಟಿ ಹಾಕಿಸುವಾಗ ಕಾರ್ಪೆಂಟರ್ ‘ಕಪಾಟಿಗಿಂತ ಗಟ್ಟಿ ಆಯ್ತಲ್ಲ ಸಾಹೇಬ್’ ಎಂದ. ಆಗಬೇಕಾದದ್ದೇ ಅದು. ಲಿಫ್ಟಿನ ಬಾಗಿಲು ದಾಟುವ ಅಳತೆ ಮೊದಲೇ ಕೊಟ್ಟಿದ್ದೆ. ಹಾರ್ನಿನ ನಡುಬಾಯಿ, ಆರಾಮ ಕುರ್ಚಿಯಲ್ಲಿ ಕೂತ ಅಪ್ಪನ ಕಿವಿಯ ಮಟ್ಟಕ್ಕೆ ಬರುವಂತೆ ಕೆಳಗೆ ಅರ್ಧ ಅಡಿಯ ಸ್ಟ್ಯಾಂಡ್. ಎಲ್ಲ ಸೇರಿ ಮೂರು ತಿಂಗಳ ಬಾಡಿಗೆಯಷ್ಟು ಖರ್ಚು.

ಕೊನೆಯದು ಕ್ರಾಸ್‌ಓವರ್. ಹಾರ್ನ್ ಮೇಲೆ ಕೂತ ಡ್ರೈವರ್ 105 ಡೆಸಿಬಲ್ ದಾಟುತ್ತದೆ, ವೂಫರಿಗೆ ಸರಿಗಟ್ಟಲು ರೆಸಿಸ್ಟರ್ ಹಾಕಿ ಇಳಿಸಲೇಬೇಕು. ಆ ರೆಸಿಸ್ಟರಿಗೆ ಅಡ್ಡವಾಗಿ ಚಿಕ್ಕ ಕೆಪಾಸಿಟರ್ ಇಟ್ಟರೆ ತುದಿಯ ಕಂಪನಗಳು ಮಾತ್ರ ಇಳಿಯದೆ ಉಳಿಯುತ್ತವೆ. ಅಪ್ಪನಿಗೆ ವ್ಯಂಜನಗಳು ಮರಳಿ ಸಿಕ್ಕಿದ್ದು ಆ ಕೆಪಾಸಿಟರಿನ ಅಳತೆ ಎರಡು ಸಲ ಬದಲಿಸಿದ ಮೇಲೆ. ‘ಈಗ ತಿಳೀತದ, ಹಾಂಗ ಇರ್ಲಿ’ ಎಂದರು. ಆ ಅಳತೆ ನನ್ನ ಹೆಂಡತಿಗೆ ಚುಚ್ಚುತ್ತದೆ. ಪೆಟ್ಟಿಗೆಯ ಹಿಂದೆ ಎರಡು ಸ್ಥಾನದ ಸ್ವಿಚ್ ಹಾಕಿಸಿದ್ದೇನೆ. ಸಂಜೆ ನಾಲ್ಕರಿಂದ ಆರರವರೆಗೆ ಅದು ಅಪ್ಪನ ಕಡೆ ಇರುತ್ತದೆ.