ಮೀಟರ್ ಸತ್ತ ಗಾಡಿ

ಭತ್ತದ ಕಟಾವು ಶುರುವಾದರೆ ಸಿಂಧನೂರಿನ ಗಾಂಧಿ ವೃತ್ತದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೀಲ ಹೇರಿದ ಟ್ರ್ಯಾಕ್ಟರುಗಳು, ಹಲ್ಲು ಬಿಚ್ಚಿಟ್ಟುಕೊಂಡು ತೆವಳುವ ಕಟಾವು ಯಂತ್ರ, ರೈಸ್ ಮಿಲ್ಲಿನ ತೌಡಿನ ವಾಸನೆ, ಕಣ್ಣಿಗೆ ಬೀಳುವ ಹೊಟ್ಟು. ಈ ಗದ್ದಲದ ಸಂದಿಯಲ್ಲಿ ಸದ್ದಿಲ್ಲದೆ ನುಸುಳಿ ಹೋಗುವವು ಬ್ಯಾಟ್ರಿ ಗಾಡಿಗಳು. ಒಂದರ ಕಾಲಡಿ ಎಣ್ಣಿ ಹೊಡೆಯುವ ಪಂಪು, ಇನ್ನೊಂದರ ಎರಡೂ ಬದಿಗೆ ಹಾಲಿನ ಕ್ಯಾನು, ಮತ್ತೊಂದರ ಮೇಲೆ ಅಜ್ಜನ ಹಿಂದೆ ಪಾಟಿಚೀಲ ಹೊತ್ತ ಮೊಮ್ಮಗಳು. ಸಿಗ್ನಲ್ಲಿಗೆ ನಿಂತಾಗ ಹ್ಯಾಂಡಲ್ ಕಡೆ ಕಣ್ಣು ಹಾಯಿಸಬೇಕು. ಕೆಲವು ಗಾಡಿಗಳಲ್ಲಿ ಅಂಕಿ ಮೂಡಬೇಕಾದ ಗಾಜು ಕಪ್ಪಗೆ ಇದೆ. ಒಂದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಒಂದರಲ್ಲಿ ಮೀಟರೇ ಇಲ್ಲ, ಟೇಪು ಸುತ್ತಿದ ವೈರಿನ ತುದಿಗಳಷ್ಟೇ ಇವೆ. ವೇಗ ಎಷ್ಟು, ಚಾರ್ಜ್ ಎಷ್ಟು ಉಳಿದಿದೆ, ಎಷ್ಟು ದೂರ ಬಂತು, ಯಾವುದನ್ನೂ ಹೇಳದ ಆ ಗಾಡಿಗಳು ಹಸಿರು ದೀಪ ಬಿದ್ದೊಡನೆ ಎಲ್ಲರಿಗಿಂತ ಮುಂಚೆ ಹೊರಟುಬಿಡುತ್ತವೆ.

ಮೀಟರ್ ಸಾಯುವುದಕ್ಕೆ ಈ ಸೀಮೆಯಲ್ಲಿ ಕಾರಣಗಳಿಗೆ ಬರವಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊಲದ ಬದುವಿನಲ್ಲಿ ಬಿಸಿಲಿಗೆ ನಿಂತ ಗಾಡಿಯ ಗಾಜಿನ ಕೆಳಗೆ ಕಾವು ಅದಕ್ಕಿಂತಲೂ ಬಹಳ ಹೆಚ್ಚು. ಆ ಕಾವಿಗೆ ಅಂಕಿ ತೋರಿಸುವ ದ್ರವಹರಳು ಕಪ್ಪಾಗುತ್ತದೆ. ಸಂಜೆ ತಂಪಾದ ಮೇಲೆ ಕೆಲವು ಸಲ ತಿಳಿಯಾಗುತ್ತದೆ, ಎಷ್ಟೋ ಬೇಸಿಗೆ ಕಳೆದ ಮೇಲೆ ಆಗುವುದಿಲ್ಲ. ಮಳೆಗಾಲದಲ್ಲಿ ನೀರು ಒಳಸೇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ ವೈರು ದಿನಾಲೂ ಮಡಚಿ ಮಡಚಿ ಒಳಗೇ ತುಂಡಾಗುತ್ತದೆ. ಮೇಲಿನ ರಬ್ಬರು ನೆಟ್ಟಗೇ ಇರುವುದರಿಂದ ಹೊರಗೆ ಗೊತ್ತಾಗುವುದಿಲ್ಲ.

ಇಂಥ ಗಾಡಿಗಳು ಬರುವ ರಿಪೇರಿ ಅಂಗಡಿಯೊಂದರ ಮುಂದೆ ತಗಡಿನ ನೆರಳು. ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದ ಹಬ್ ಮೋಟಾರ್, ಪಕ್ಕದಲ್ಲಿ ಸೋಲ್ಡರ್ ಕಾಯಿಸುವ ಕಡ್ಡಿ, ಮಲ್ಟಿಮೀಟರು. ಧೋತರ ಎತ್ತಿ ಕಟ್ಟಿದ ಹಿರಿಯರೊಬ್ಬರು ಗಾಡಿ ನೂಕಿಕೊಂಡು ಬಂದರು.

"ತಮ್ಮಾ, ಮೀಟರ್ ಸತ್ತೈತಿ. ಹೊಲಕ್ಕ ಹೋಗ್ಬೇಕು, ಗಾಡಿ ಓಡತೈತೋ ಇಲ್ಲೋ?"

"ನಡು ಸ್ಟ್ಯಾಂಡ್ ಹಾಕ್ರಿ ಕಾಕಾ. ಕೀಲಿ ತಿರುವಿ ಎಕ್ಸಲೇಟರ್ ಕೊಡ್ರಿ. ಗಾಲಿ ತಿರುಗಿದ್ರ ಮೀಟರ್ ಒಂದ ಹೋಗೈತಿ, ಗಾಡಿ ಗಟ್ಟಿ ಐತಿ."

ಹಿಂದಿನ ಗಾಲಿ ಗುಂಯ್ ಎಂದು ತಿರುಗಿತು. ಹಿರಿಯರ ಮುಖ ಅರಳಿತು.

ಇಂಥ ಸಾದಾ ಸ್ಕೂಟರುಗಳಲ್ಲಿ ಮೀಟರಿನದು ನೋಡುವ ಕೆಲಸ ಮಾತ್ರ. ಕೀಲಿಯಿಂದ ಹೊರಟ ವೈರು ನೇರವಾಗಿ ಸೀಟಿನ ಕೆಳಗಿನ ಕಂಟ್ರೋಲರಿಗೆ ಹೋಗುತ್ತದೆ. ಎಕ್ಸಲೇಟರಿನದೂ ಹಾಗೆಯೇ: ಹಿಡಿಕೆಯೊಳಗಿನ ಅಯಸ್ಕಾಂತ ತಿರುಗಿದಂತೆ ಒಂದು ವೋಲ್ಟಿಗಿಂತ ಕಡಿಮೆಯಿಂದ ನಾಲ್ಕು ವೋಲ್ಟಿನವರೆಗೆ ಏರುವ ಸಣ್ಣ ಸಂಕೇತ ಕಂಟ್ರೋಲರನ್ನು ಮುಟ್ಟುತ್ತದೆ, ಕಂಟ್ರೋಲರು ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹಂಚುತ್ತದೆ. ಈ ಮಾತುಕತೆಯಲ್ಲಿ ಮೀಟರಿನ ಪಾತ್ರವೇ ಇಲ್ಲ.

ಆ ಹಿರಿಯರ ಹಿಂದೆಯೇ ಬಂದ ಕಾಲೇಜು ಹುಡುಗನ ಕಥೆ ಬೇರೆ. ಅವನದು ಪೆಡಲು ತುಳಿದರೆ ಮೋಟಾರು ನೆರವಿಗೆ ಬರುವ ಬ್ಯಾಟ್ರಿ ಸೈಕಲ್ಲು. ಅದರಲ್ಲಿ ಕೀಲಿ ಇಲ್ಲ, ಡಿಸ್ಪ್ಲೇ ಮೇಲಿನ ಗುಂಡಿಯೇ ಕೀಲಿ. ಗಾಜಿನ ಹಿಂದಿನ ಆ ಡಬ್ಬಿ ಹೊಸ್ತಿಲು ಕಾಯುವ ಆಳಿನ ಹಾಗೆ. ಆಳು ಮಲಗಿದರೆ ಮನೆಯೊಳಗೆ ಯಾರಿಗೂ ಪ್ರವೇಶವಿಲ್ಲ. ಅಂಗಡಿಯ ಮಿಸ್ತ್ರಿ ಮೊದಲು ಬ್ಯಾಟರಿಯನ್ನೇ ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ ಡಿಸ್ಪ್ಲೇ ಕಡೆ ಬರುವ ಐದು ಎಳೆಗಳ ಸಿಪ್ಪೆ ಸುಲಿದು ಒಂದಕ್ಕೊಂದು ತಾಕದಂತೆ ಬಿಡಿಸಿ, ಬ್ಯಾಟರಿ ಮತ್ತೆ ಹಾಕಿ, ಮಲ್ಟಿಮೀಟರಿನ ಕಡ್ಡಿ ಹಿಡಿದು ಒಂದೊಂದನ್ನೇ ನೋಡಿದ. ಒಂದರಲ್ಲಿ ಪೂರ್ತಿ ಬ್ಯಾಟರಿ ವೋಲ್ಟೇಜು. ಒಂದು ನೆಗೆಟಿವ್. ಎರಡು ಎಳೆ ಡಿಸ್ಪ್ಲೇಗೂ ಕಂಟ್ರೋಲರಿಗೂ ಸುದ್ದಿ ಸಾಗಿಸುವಂಥವು. ಉಳಿದ ಒಂದು, ಗುಂಡಿ ಒತ್ತಿದಾಗ ಬ್ಯಾಟರಿ ವೋಲ್ಟೇಜನ್ನು ಕಂಟ್ರೋಲರಿಗೆ ಮರಳಿಸುವ ವೈರು. ಪೂರ್ತಿ ವೋಲ್ಟೇಜಿನ ಎಳೆಯನ್ನೂ ಈ ಕೊನೆಯದನ್ನೂ ಕೂಡಿಸಿದರೆ ಕಂಟ್ರೋಲರು ಎಚ್ಚರಾಗುತ್ತದೆ. ಬಹಳ ಕಡೆ ಮೊದಲನೆಯದು ಕೆಂಪು, ಎರಡನೆಯದು ನೀಲಿ. ಆದರೆ ಮಿಸ್ತ್ರಿ ಬಣ್ಣ ನಂಬಲಿಲ್ಲ, ಅಂಕಿ ನಂಬಿದ. ಅವನ ಈ ಶಿಸ್ತು ನನಗೆ ಬಹಳ ಹಿಡಿಸಿತು. ತಪ್ಪಿ ಸುದ್ದಿಯ ಎಳೆಗೆ 48 ವೋಲ್ಟು ತಾಕಿದರೆ ಕಂಟ್ರೋಲರು ಅಲ್ಲೇ ಸುಟ್ಟುಹೋಗುತ್ತದೆ.

ಅವನು ಬರೀ ಕೂಡಿಸಿ ಬಿಡಲೂ ಇಲ್ಲ. ಮತ್ತೆ ಬ್ಯಾಟರಿ ಬಿಚ್ಚಿ, ನಡುವೆ ಒಂದು ಸಣ್ಣ ಫ್ಯೂಸು, ಒಂದು ಸ್ವಿಚ್ಚು ಹಾಕಿ ಬೆಸೆದ. ಫ್ಯೂಸ್ ಇಲ್ಲದ ಸಪೂರ ವೈರು ಹ್ಯಾಂಡಲ್ ಪೈಪಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿಯಾಗುತ್ತದೆ. ಸ್ವಿಚ್ ಇಲ್ಲದಿದ್ದರೆ ಗಾಡಿ ಹಗಲೂ ರಾತ್ರಿ ಎಚ್ಚರವಾಗೇ ಇದ್ದು ಬ್ಯಾಟರಿ ಹೀರುತ್ತದೆ. ಕೊನೆಗೆ ಬ್ರೇಕ್ ಹಿಡಿದರೆ ಮೋಟಾರ್ ನಿಲ್ಲುತ್ತದೆಯೇ ಎಂದು ನೋಡಿದ. ಡಿಸ್ಪ್ಲೇ ಇಲ್ಲದ ಮೇಲೆ ಮೋಟಾರಿನ ನೆರವಿನ ಹಂತ ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇಲ್ಲ. ಕೆಲವು ಕಂಟ್ರೋಲರು ನಡುಹಂತದಲ್ಲಿ ಓಡುತ್ತವೆ, ಕೆಲವು ಪೂರ್ತಿ ಬಲದಲ್ಲಿ ಜಿಗಿಯುತ್ತವೆ. ಈ ಸೈಕಲ್ಲು ಜಿಗಿಯುವ ಜಾತಿಯದು.

"ಪೆಡಲ್ ಮ್ಯಾಲ ಕಾಲಿಟ್ಟು ನಿಂದ್ರಬ್ಯಾಡ, ಎಗರತೈತಿ," ಎಂದು ಎರಡು ಸಲ ಹೇಳಿ ಕಳಿಸಿದ.

ಸಿಂಧನೂರಿನಿಂದ ಮಸ್ಕಿಗೆ, ಅಲ್ಲಿಂದ ಲಿಂಗಸುಗೂರಿಗೆ ಹೋಗುವುದು 150ಎ ರಾಷ್ಟ್ರೀಯ ಹೆದ್ದಾರಿ. ಮಸ್ಕಿಯವರೆಗಿನ ಹಾದಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಬಯಲು, ಗದ್ದೆ, ಕ್ಯಾಂಪು ಎಂದು ಕರೆಯುವ ವಲಸೆ ರೈತರ ಊರುಗಳ ತೆಂಗಿನ ಸಾಲು. ಮೀಟರ್ ಇಲ್ಲದೆ ಇಲ್ಲಿ ಓಡಿಸುವವರು ಕಿವಿಯಿಂದ ಓಡಿಸುತ್ತಾರೆ. ಮೋಟಾರಿನ ಸಣ್ಣ ಸಿಳ್ಳು ಎಷ್ಟು ಏರಿದರೆ ವೇಗ ಎಷ್ಟು ಎಂಬುದು ಅವರಿಗೆ ರೂಢಿ. ಚಾರ್ಜಿನ ಲೆಕ್ಕ ಊರುಗಳ ಮೇಲೆ: ಇಂಥ ಹಳ್ಳಿಗೆ ಹೋಗಿ ಬಂದು, ಸಂತೆಗೆ ಒಂದು ಸಲ ಹೋದರೆ ಆಯಿತು, ರಾತ್ರಿ ಪ್ಲಗ್ಗಿಗೆ ಹಾಕಬೇಕು. ಬ್ಯಾಟರಿಯೂ ತಾನಾಗಿ ಹೇಳುತ್ತದೆ. ತಳ ಮುಟ್ಟುತ್ತಿರುವ ಸೀಸದ ಬ್ಯಾಟರಿಯ ಗಾಡಿ ಎಕ್ಸಲೇಟರ್ ಪೂರ್ತಿ ತಿರುವಿದಾಗ ಸತ್ತಂತಾಗಿ, ಬಿಟ್ಟ ಕೂಡಲೇ ಜೀವ ಹಿಡಿಯುತ್ತದೆ. ಆ ಮಾತು ಕೇಳಿದ ಮೇಲೂ ಎಳೆದಾಡಿದರೆ ಬ್ಯಾಟರಿಯ ಆಯುಷ್ಯವೇ ಹೋಗುತ್ತದೆ. ಅದಕ್ಕೇ ಜಾಣರು ಬೆರಳಗಲದ ವೋಲ್ಟ್ ಮೀಟರೊಂದನ್ನು ಹ್ಯಾಂಡಲಿಗೆ ಕಟ್ಟಿಸಿಕೊಳ್ಳುತ್ತಾರೆ. ನಾಲ್ಕು ಸೀಸದ ಬ್ಯಾಟರಿಯ 48 ವೋಲ್ಟಿನ ಗಾಡಿ ನಿಂತಾಗ 51ರ ಹತ್ತಿರ ತೋರಿಸಿದರೆ ತುಂಬಿದೆ. 49 ಎಂದರೆ ಅರ್ಧ. ಓಡುವಾಗ 42ಕ್ಕೆ ಇಳಿದರೆ ಮುಗಿಯಿತು.

ಮಸ್ಕಿ ಬಂದರೆ ಬಂಡೆಗಳು ಏಳುತ್ತವೆ. ಗುಡ್ಡದ ಮೇಲೆ ಮಲ್ಲಿಕಾರ್ಜುನ, ಊರಿನ ಬಂಡೆಯಲ್ಲಿ ಅಶೋಕನ ಹೆಸರಿರುವ ಶಾಸನ. 1915ರಲ್ಲಿ ಆ ಶಾಸನವನ್ನು ಕಂಡವನು ಚಿನ್ನ ಹುಡುಕುವ ಕೆಲಸದಲ್ಲಿದ್ದ ಎಂಜಿನಿಯರ್ ಬೀಡನ್. ಇಲ್ಲಿಂದ ಮುಂದಕ್ಕೆ ನೆಲ ಏರುತ್ತ ಹೋಗುತ್ತದೆ. ಎಡದಂಡೆಯ ನೀರು ಲಿಂಗಸುಗೂರಿನ ಎತ್ತರಕ್ಕೆ ಹತ್ತಲಾರದು. ಗಾಡಿ ಹತ್ತುತ್ತದೆ, ಆದರೆ ಏರಿನಲ್ಲಿ ವೋಲ್ಟೇಜು ಕುಸಿದು, ಇಳಿದ ಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ಏರಿಗಿಂತ ದೊಡ್ಡ ಶತ್ರು ಆಷಾಢದ ಗಾಳಿ. ಪಡುವಣದಿಂದ ಎದೆಗೆ ಬಡಿಯುವ ಆ ಗಾಳಿಯಲ್ಲಿ ಹೋಗುವಾಗ ತಿಂದ ಚಾರ್ಜು ಬರುವಾಗಿನ ಎರಡರಷ್ಟಾದರೂ ಆಶ್ಚರ್ಯವಿಲ್ಲ. ದೂರ ಮಾತ್ರ ಎಣಿಸುವ ಸವಾರ ಇಲ್ಲಿ ಮೋಸಹೋಗುತ್ತಾನೆ. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆಯುತ್ತ ಬರುವ ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ನಡುದಾರಿಯಲ್ಲಿ ಗಾಡಿ ನಿಲ್ಲುವುದು ಪ್ರಾಣದ ಮಾತು.

ಕಾಯಿದೆಯ ಮಾತೂ ಇದೆ. 250 ವ್ಯಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದ ಹಗುರ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ನಂಬರ್ ಪ್ಲೇಟಿನ ದೊಡ್ಡ ಗಾಡಿಗೆ ಮಾತ್ರ ವೇಗ ತೋರಿಸುವ ಮೀಟರ್ ಕಡ್ಡಾಯ. ಅದನ್ನು ಸತ್ತ ಮೀಟರಿನಲ್ಲಿ ತಿಂಗಳುಗಟ್ಟಲೆ ಓಡಿಸಬಾರದು.

ಲಿಂಗಸುಗೂರಿನ ಅಂಗಡಿಯಲ್ಲಿ ಕಂಡದ್ದು ಹೊಸ ಮಾದರಿಯ ಗಾಡಿ, ನೋಡಲು ಚೆಂದ, ಗೋಡೆಗೆ ಒರಗಿ ನಿಂತಿತ್ತು. ಡಿಸ್ಪ್ಲೇ ಒಡೆದಿದೆ. ಒಡತಿ ಅಂಗನವಾಡಿ ಕಾರ್ಯಕರ್ತೆ; ಅವರ ಊರಿಗೆ ಬಸ್ಸು ಹೊತ್ತಿಗೊಂದು.

"ಅಣ್ಣಾ, ಎರಡು ವೈರ್ ಕೂಡಿಸಿ ನಡಸೂವಂಗ ಮಾಡ್ರಿ."

"ಇದಕ್ಕ ಆಗಂಗಿಲ್ಲಕ್ಕಾ. ಇದರಾಗ ಡಿಸ್ಪ್ಲೇ ಗುರುತು ಹೇಳಬೇಕು, ಆಮ್ಯಾಲ ಕಂಟ್ರೋಲರ್ ಏಳತೈತಿ. ಬ್ಯಾರೆ ಡಿಸ್ಪ್ಲೇ ಹಚ್ಚಿದ್ರೂ ಒಪ್ಪಂಗಿಲ್ಲ."

ಮೋಟಾರು, ಬ್ಯಾಟರಿ, ಕಂಟ್ರೋಲರು ಮೂರೂ ಸರಿ ಇವೆ. ಕಳ್ಳತನ ತಡೆಯಲು ಹೀಗೆ ಬೀಗ ಹಾಕುವುದರಲ್ಲಿ ಅರ್ಥವಿದೆ, ಒಪ್ಪುತ್ತೇನೆ. ಆದರೆ ಗಾಜೊಂದು ಒಡೆದರೆ ನಿಧಾನಕ್ಕಾದರೂ ಮನೆ ಮುಟ್ಟಿಸುವ ದಾರಿಯನ್ನು ಒಡತಿಗೆ ಒಂದು ಕೀಲಿಯಾಗಿಯೋ ಸಂಖ್ಯೆಯಾಗಿಯೋ ಕೊಟ್ಟಿರಬೇಕು. ಬಿಡಿಭಾಗ ದೂರದ ನಗರದಿಂದ ಬರಬೇಕಾದ ಊರುಗಳಲ್ಲಿ ಇದನ್ನು ಕೇಳುವ ಹಕ್ಕು ಕೊಂಡವರಿಗೆ ಇದೆ.

ಅಲ್ಲಿನ ಮಿಸ್ತ್ರಿ ಒಡತಿಗೆ ಹೇಳಿದ: "ಮುಂದಿನ ಸಲ ತಗೊಳ್ಳಾಗ ರೊಕ್ಕ ಕೊಡೋಕಿಂತ ಮೊದಲ ಕೇಳ್ರಿ ಅಕ್ಕಾ, ಮೀಟರ್ ಬಿಚ್ಚಿ ಗಾಲಿ ತಿರುಗಿಸಿ ತೋರಸ್ರಿ ಅಂತ."

"ಈ ಮಾತು ನಮ್ಮ ಸಂಘದಾಗೂ ಹೇಳ್ತೀನಿ. ಇನ್ನಿಬ್ಬರು ಇದ ಗಾಡಿ ತಗೊಳ್ಳಾಕ ಹೊಂಟಾರ," ಎಂದು ಆಕೆ ಮೊಬೈಲ್ ತೆಗೆದರು.